ಜಸ್ಟ್ ಅಂದರೆ ಬರೀ ಅಲ್ಲ

ಮೊದಲ ದಿನವೇ ಅವಳಿಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಕಾರಣ, ಅವನು ಆಗತಾನೇ ಬೋರ್ಡಿನ ಮೇಲೆ ಬರೆದಿದ್ದ ಎರಡು ಪದ: ಜಸ್ಟ್ ಟ್ರಾನ್ಸಿಷನ್.

"ಅದನ್ನ ಅಳಿಸಿಬಿಡಿ," ಎಂದಳು ಮೂರನೇ ಬೆಂಚಿನಿಂದ.

"ಯಾಕೆ?"

"ಜಸ್ಟ್ ಅಂದ್ರೆ ಏನು ಅಂತ ನಮಗೂ ಗೊತ್ತು. ಜಸ್ಟ್ ಪಾಸ್. ಜಸ್ಟ್ ಈಗ ಬಂದೆ. ಜಸ್ಟ್ ಹತ್ತು ನಿಮಿಷ. ನಲವತ್ತು ವರ್ಷ ಓಡಿದ ಪ್ಲಾಂಟ್ ಮುಚ್ಚೋದು ಇವರಿಗೆ ಜಸ್ಟ್ ಒಂದು ಬದಲಾವಣೆ. ನೋಟೀಸಲ್ಲೂ ಹಾಗೇ ಬರೆದಿದ್ರು, ನೀವೂ ತಂದು ಅದನ್ನೇ ಬರೀತಿದ್ದೀರ."

ಅವನು ಸೀಮೆಸುಣ್ಣ ಕೆಳಗಿಟ್ಟ. ಹನ್ನೊಂದು ವರ್ಷದಿಂದ ಆ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಒಂದು ಪದದ ಮೇಲೆ ಯಾರಾದರೂ ಇಷ್ಟು ಸಿಟ್ಟಾಗಿದ್ದನ್ನು ನೋಡಿರಲಿಲ್ಲ.

"ಇದು ಆ ಜಸ್ಟ್ ಅಲ್ಲ ರೀ," ಎಂದ ಮೆಲ್ಲಗೆ. "ಜಸ್ಟಿಸ್ ಇದೆಯಲ್ಲ, ಅದರ ಕಡೆಯದು. ನ್ಯಾಯವಾದ ಬದಲಾವಣೆ ಅಂತ. ಹೊಗೆ ಬಿಡೋ ಕಾರ್ಖಾನೆ ಮುಚ್ಚೋವಾಗ ಅಲ್ಲಿ ದುಡಿದವರಿಗೆ ಅನ್ಯಾಯ ಆಗಬಾರದು ಅಂತ ಅದರ ಅರ್ಥ."

ಅವಳು ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದಳು.

"ಅಂದ್ರೆ ಎರಡು ತಿಂಗಳಿಂದ ನಾನು ತಪ್ಪು ಪದದ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ."

"ಹಾಗಾಯ್ತು."

"ಪರವಾಗಿಲ್ಲ. ಪದ ತಪ್ಪಿರಬಹುದು, ಸಿಟ್ಟು ಸರಿಯಾಗೇ ಇತ್ತು."

ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ಆದರೆ ತಲೆ ಬಗ್ಗಿಸಿ ಪುಸ್ತಕದಲ್ಲಿ ಅರ್ಥ ಬರೆದುಕೊಳ್ಳುವಾಗ ಅವಳ ತುಟಿಯ ಒಂದು ಕೊನೆ ಮಾತ್ರ ಮೇಲೆ ಸರಿದದ್ದು ಅವನ ಕಣ್ಣಿಗೆ ಬಿತ್ತು. ಉಳಿದ ಪಾಠದಲ್ಲಿ ಎರಡು ಕಾಗುಣಿತ ತಪ್ಪಿದ.

*

ಊರಂಚಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಹನ್ನೊಂದು ಜನ ಬಂದಿದ್ದರು. ಸ್ಥಾವರವನ್ನು ಹಂತಹಂತವಾಗಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ನೆರವು ಕೊಡುವ ಹೊರದೇಶದ ಸಂಸ್ಥೆಯೊಂದರ ಜೊತೆ ಆರು ವಾರದ ನಂತರ ಸಭೆ. ಕೆಲಸಗಾರರ ಪರವಾಗಿ ಮಾತಾಡುವವಳು ಅವಳೇ. ಸ್ಥಾವರದ ಲ್ಯಾಬಿನಲ್ಲಿ ಬಾಯ್ಲರ್ ನೀರು ಪರೀಕ್ಷೆ ಮಾಡುವ ಕೆಲಸ ಅವಳದು.

"ಸಭೆಗೆ ದುಭಾಷಿ ಇರ್ತಾರಲ್ಲ?" ಎಂದು ಅವನು ಕೇಳಿದ್ದ.

"ಹೋದ ಸಲಾನೂ ಇದ್ರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಎರಡು ವಾಕ್ಯದಲ್ಲಿ ಮುಗಿಸಿದ್ರು. ಆ ಎರಡು ವಾಕ್ಯ ಏನು ಅಂತ ತಿಳ್ಕೊಳ್ಳೋಕಾದ್ರೂ ಇಂಗ್ಲಿಷ್ ಬೇಕು ಅನ್ನಿಸ್ತು."

ಅವಳಿಗೆ ಪ್ಲಾಂಟಿನವರು ಇಟ್ಟಿದ್ದ ಹೆಸರು ಅವನಿಗೆ ಗೊತ್ತಾದದ್ದು ಎರಡನೆಯ ದಿನ. ಎಲ್ಲರೂ ದೊಡ್ಡಪ್ಪ ಎಂದು ಕರೆಯುತ್ತಿದ್ದ ಬಾಯ್ಲರಿನ ಹಿರಿಯ ಕೆಲಸಗಾರ ಕೈ ಚಾಚಿ, "ಹನಿ, ಆ ರಬ್ಬರ್ ಕೊಡಮ್ಮ," ಅಂದ.

ಬೋರ್ಡಿಗೆ ಮುಖ ಮಾಡಿದ್ದವನು ತಟ್ಟನೆ ತಿರುಗಿದ. ಇಂಗ್ಲಿಷ್ ಮೇಷ್ಟ್ರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತ್ತು. ಅರವತ್ತರ ಮುದುಕ ಹೀಗೆ ಎಲ್ಲರೆದುರು, ಪ್ರೀತಿ ಮಾಡುವವರು ಕರೆಯುವ ಹಾಗೆ ಕರೆಯುತ್ತಾನಲ್ಲ ಎಂದು ಅವನಿಗೆ ಗಾಬರಿ.

ಅವನ ಮುಖ ನೋಡಿದ ಅವಳಿಗೆ ಒಂದು ಕ್ಷಣದಲ್ಲಿ ವಿಷಯ ತಿಳಿಯಿತು.

"ಇಂಗ್ಲಿಷಲ್ಲ ಮೇಷ್ಟ್ರೇ, ನಮ್ಮದೇ ಹನಿ. ನೀರಿನ ಹನಿ. ಲ್ಯಾಬಲ್ಲಿ ದಿನವಿಡೀ ಹನಿ ಎಣಿಸ್ತೀನಿ ಅಂತ ಹಾಗೆ ಕರೀತಾರೆ." ಆಮೇಲೆ ಸ್ವಲ್ಪ ತಡೆದು, "ನೀವು ಕರೆಯೋದಾದ್ರೆ ಉಚ್ಚಾರಣೆ ನೋಡ್ಕೊಂಡು ಕರೀರಿ," ಎಂದಳು.

ಅವನ ಕಿವಿ ಬಿಸಿಯಾಯಿತು. ದೊಡ್ಡಪ್ಪ ರಬ್ಬರಿನಿಂದ ಏನನ್ನೋ ತುಂಬಾ ಶ್ರದ್ಧೆಯಿಂದ ಉಜ್ಜತೊಡಗಿದ.

*

ಅವನ ಹತ್ತಿರ ಅರವತ್ತು ಪದಗಳ ಪಟ್ಟಿ ಇತ್ತು. ದಿನಕ್ಕೆ ಐದು ಎಂದು ಲೆಕ್ಕ ಹಾಕಿದ್ದ. ಅವಳ ಪ್ರಶ್ನೆಗಳಿಂದಾಗಿ ದಿನಕ್ಕೆ ಎರಡು ಮುಗಿದರೆ ಹೆಚ್ಚು.

"ನೆಟ್ ಝೀರೋ. ಗಾಳಿಗೆ ಎಷ್ಟು ಕಾರ್ಬನ್ ಬಿಡ್ತೀವೋ ಅಷ್ಟನ್ನೂ ವಾಪಸ್ ತೆಗೆಯೋದು. ಕೂಡಿ ಕಳೆದರೆ ಸೊನ್ನೆ."

"ವಾಪಸ್ ಯಾರು ತೆಗೀತಾರೆ?"

"ಮರಗಳು, ಸಮುದ್ರ..."

"ಅವಕ್ಕೆ ನೋಟೀಸ್ ಕೊಟ್ಟಿದ್ದಾರಾ?"

ಮಿಟಿಗೇಶನ್, ಅಡಾಪ್ಟೇಶನ್ ಎಂಬ ಎರಡನ್ನು ಬಿಡಿಸಿ ಹೇಳಲು ಅವನು ಅರ್ಧ ಗಂಟೆ ಒದ್ದಾಡಿದ. ಕೊನೆಗೆ ದೊಡ್ಡಪ್ಪನೇ ಅಂದ: "ಒಲೆ ಉರಿ ಕಡಿಮೆ ಮಾಡೋದು ಮಿಟಿಗೇಶನ್ನು. ಸೆಖೆಗೆ ಕಿಟಕಿ ತೆಗೆಯೋದು ಅಡಾಪ್ಟೇಶನ್ನು. ಅಷ್ಟೇ ತಾನೆ?" ಅಷ್ಟೇ ಆಗಿತ್ತು. ಮೇಷ್ಟ್ರು ಅದನ್ನು ತಾನೂ ಬರೆದುಕೊಂಡ.

ಬೇಸ್ ಲೋಡ್ ಬಂದ ದಿನ ಅವನು ಒಪ್ಪಿಕೊಂಡುಬಿಟ್ಟ. "ನಿಜ ಹೇಳಬೇಕಂದ್ರೆ, ಇದರ ಸ್ಪೆಲಿಂಗ್ ಗೊತ್ತು, ಉಚ್ಚಾರಣೆ ಗೊತ್ತು. ಇದು ಏನು ಅಂತ ಸರಿಯಾಗಿ ಗೊತ್ತಿಲ್ಲ."

ಅವಳು ಅವನನ್ನು ಹೊಸದಾಗಿ ನೋಡುವಂತೆ ನೋಡಿದಳು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಮೇಷ್ಟ್ರನ್ನು ಅವಳು ಕಂಡಿರಲಿಲ್ಲ.

"ಊರೆಲ್ಲ ಮಲಗಿದ್ರೂ ಬೇಕಾಗೋ ಕರೆಂಟು," ಎಂದಳು. "ಆಸ್ಪತ್ರೆಗೆ, ನೀರಿನ ಪಂಪಿಗೆ, ಎಲ್ಲರ ಮನೆ ಫ್ರಿಜ್ಜಿಗೆ. ಅದನ್ನ ಬಿಡದೆ ಕೊಡ್ತಾ ಇರೋದು ನಾವೇ. ಗಾಳಿ, ಬಿಸಿಲು ಅದನ್ನ ಹೇಗೆ ಕೊಡ್ತಾವೆ ಅನ್ನೋದೇ ಈಗಿನ ಪ್ರಶ್ನೆ." ಆಮೇಲೆ ಪುಸ್ತಕ ಚೀಲಕ್ಕೆ ತುರುಕುತ್ತಾ, "ಭಾನುವಾರ ಮಧ್ಯಾಹ್ನ ಬನ್ನಿ, ತೋರಿಸ್ತೀನಿ. ಪದ ನಿಮ್ಮದು, ವಸ್ತು ನಮ್ಮದು," ಎಂದಳು.

ಭಾನುವಾರ ಬೆಳಿಗ್ಗೆ ಅವನು ಎರಡು ಶರ್ಟು ಇಸ್ತ್ರಿ ಮಾಡಿ, ಎರಡನ್ನೂ ಬಿಟ್ಟು ಮೂರನೆಯದನ್ನು ಇಸ್ತ್ರಿ ಮಾಡಿದ. ಅವನು ಇದ್ದದ್ದು ಅಕ್ಕ-ಬಾವನ ಮನೆಯಲ್ಲಿ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಕಲ್ಲಿದ್ದಲು ನೋಡೋಕೆ ಹೋಗ್ತಿದ್ದೀಯ ಅಲ್ವೇನೋ?"

"ಹೂಂ ಅಕ್ಕ."

"ಬಿಳಿ ಶರ್ಟಲ್ಲಿ?"

ಅವನು ಕನ್ನಡಿ ನೋಡಿ ಕಾಲರ್ ಸರಿಮಾಡಿಕೊಂಡ.

*

ಅವಳು ಅವನ ತಲೆಗೆ ಹೆಲ್ಮೆಟ್ ಇಟ್ಟು ಪಟ್ಟಿಯನ್ನು ಗದ್ದದ ಕೆಳಗೆ ಎಳೆದು ಬಿಗಿಮಾಡಿದಳು. ಉಸಿರು ತಾಗುವಷ್ಟು ಹತ್ತಿರ. ಅವನು ಅವಳ ಭುಜದಾಚೆಗಿದ್ದ 'ಧೂಮಪಾನ ನಿಷೇಧಿಸಲಾಗಿದೆ' ಎಂಬ ಫಲಕವನ್ನು ಮೂರು ಸಲ ಓದಿದ.

ಕನ್ವೇಯರ್ ಮೇಲೆ ಬಿಡುವಿಲ್ಲದೆ ಹರಿಯುವ ಕಲ್ಲಿದ್ದಲು ತೋರಿಸಿದಳು. ಒಂದು ಚಿಕ್ಕ ಗಾಜಿನ ಕಿಂಡಿಯಲ್ಲಿ ಬೆಂಕಿ ತೋರಿಸಿದಳು. ಅದು ಕೆಂಪಾಗಿರಲಿಲ್ಲ, ಬಿಳಿಯಾಗಿತ್ತು. ಆಮೇಲೆ ಲ್ಯಾಬಿಗೆ ಕರೆದುಕೊಂಡು ಹೋಗಿ ಒಂದು ಗಾಜಿನ ಬಟ್ಟಲಿನಲ್ಲಿ ಬಾಯ್ಲರ್ ನೀರು ಹಿಡಿದು ಎರಡು ತೊಟ್ಟು ಔಷಧ ಬಿಟ್ಟಳು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

"ಈಗ ಮೇಲಿನ ಕೊಳವೆಯಿಂದ ಆಸಿಡ್ ಹನಿಹನಿಯಾಗಿ ಬಿಡಿ. ಬಣ್ಣ ಪೂರ್ತಿ ಹೋಗೋ ಹನಿಗೆ ನಿಲ್ಲಿಸಬೇಕು. ಎಷ್ಟು ಆಸಿಡ್ ಹಿಡೀತು ಅನ್ನೋದರ ಮೇಲೆ ನೀರು ಹೇಗಿದೆ ಅಂತ ಗೊತ್ತಾಗುತ್ತೆ."

ಅವನು ಬಿಟ್ಟ. ಬಣ್ಣ ತೆಳುವಾಯಿತು, ಇನ್ನೂ ತೆಳುವಾಯಿತು. ಅವಳು ಬಗ್ಗಿ ಬಟ್ಟಲನ್ನೇ ನೋಡುತ್ತಿದ್ದಳು. ಅವನು ಅವಳ ಹುಬ್ಬಿನ ಮೇಲಿದ್ದ ಒಂದು ಚುಕ್ಕೆ ಬೂದಿಯನ್ನು ನೋಡುತ್ತಿದ್ದ.

"ನಿಲ್ಸಿ," ಎಂದಳು. "ದಾಟಿ ಹೋಯ್ತು. ಎಲ್ಲಿ ನೋಡ್ತಿದ್ರಿ?"

"ಬೂದಿ ಇದೆ, ಇಲ್ಲಿ."

ಅವಳು ತಪ್ಪು ಹುಬ್ಬು ಒರೆಸಿಕೊಂಡಳು. ಅವನು ತೋರಿಸಲು ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು. ಅವಳು ಒಂದು ಕ್ಷಣ ಆ ಬೆರಳನ್ನು, ಆಮೇಲೆ ಅವನನ್ನು ನೋಡಿ, ಇನ್ನೊಂದು ಹುಬ್ಬನ್ನು ತಾನೇ ಒರೆಸಿಕೊಂಡು ಹೊಸ ನೀರು ಹಿಡಿಯಲು ಹೋದಳು.

ವಾಪಸ್ ಗೇಟಿಗೆ ನಡೆಯುವಾಗ ಅವಳು ಕಲ್ಲಿದ್ದಲಿನ ಅಂಗಳದ ಕಡೆ ಕೈ ತೋರಿಸಿದಳು. "ಅಪ್ಪ ಅಲ್ಲಿ ಮೂವತ್ತೊಂದು ವರ್ಷ ಇದ್ರು. ಈಗ ಎಂಟು ಮೆಟ್ಟಿಲು ಹತ್ತಿದ್ರೆ ನಿಂತು ಉಸಿರು ತಗೋಬೇಕು. ಇದು ಮುಚ್ಚಬೇಕು ಅಂತ ನನಗೂ ಅನ್ಸುತ್ತೆ ಮೇಷ್ಟ್ರೇ. ಮುಚ್ಚಿದ ದಿನ ಅಳ್ತೀನಿ ಅಂತಾನೂ ಗೊತ್ತು. ಇದಕ್ಕೆ ನಿಮ್ಮ ಪಟ್ಟೀಲಿ ಪದ ಇದೆಯಾ?"

ಅವನು ಅರವತ್ತು ಪದಗಳನ್ನೂ ಮನಸ್ಸಿನಲ್ಲೇ ತಿರುವಿಹಾಕಿದ.

"ಇಲ್ಲ," ಎಂದ.

"ಇಲ್ದೆ ಇದ್ರೇ ಒಳ್ಳೇದು," ಎಂದಳು. "ಎಲ್ಲಾನೂ ಅವರೇ ಬರೆದುಬಿಟ್ರೆ ನಾವೇನು ಹೇಳೋದು."

*

ಸಭೆಗೆ ಹತ್ತು ದಿನ ಇರುವಾಗ ಸಂಸ್ಥೆಯ ಕಚೇರಿಯಿಂದ ಅವನಿಗೆ ಫೋನ್ ಬಂತು. ಹಳೆಯ ದುಭಾಷಿ ಬರುವುದಿಲ್ಲ, ನೀವು ಬರುತ್ತೀರಾ ಎಂದು ಕೇಳಿದರು. ಅವನು ಯೋಚಿಸದೆ ಒಪ್ಪಿದ. ಅವಳ ಮಾತನ್ನು ಯಾರೂ ಎರಡು ವಾಕ್ಯಕ್ಕೆ ಇಳಿಸದ ಹಾಗೆ ನೋಡಿಕೊಳ್ಳಬಹುದು ಎಂಬುದಷ್ಟೇ ತಲೆಯಲ್ಲಿತ್ತು. ಅವಳಿಗೆ ಹೇಳಿ ಖುಷಿಪಡಿಸಬೇಕೆಂದುಕೊಂಡ.

ಆದರೆ ಕಚೇರಿಯ ಮೇಡಂ ಮೊದಲು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಸಭೆಯ ಕಾಗದಗಳ ಬಗ್ಗೆ ಯಾರಿಗೂ ಹೇಳಬಾರದು. ಸಹಿಯಾದ ಮೇಲೆ ಒಪ್ಪಂದದ ಕರಡು ಕೈಗೆ ಕೊಟ್ಟರು.

ಏಳನೇ ಪುಟದಲ್ಲಿ ಅವನು ನಿಂತ. ಕಾಯಂ ನೌಕರರಿಗೆ ಹೊಸ ಕೆಲಸದ ತರಬೇತಿ ಕೊಡುವ ಸಾಲಿನಲ್ಲಿ 'ಶಲ್' ಎಂದಿತ್ತು. ಗುತ್ತಿಗೆಯ ಮುನ್ನೂರ ನಲವತ್ತು ಜನರ ಸಾಲಿನಲ್ಲಿ 'ಮೇ' ಎಂದಿತ್ತು. ಮೊದಲಿನದರಲ್ಲಿ ಕೊಡಲೇಬೇಕು. ಎರಡನೆಯದರಲ್ಲಿ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು. ಇಡೀ ಪುಟದಲ್ಲಿ ವ್ಯತ್ಯಾಸ ಅದೊಂದೇ.

ಹೇಳಿದರೆ ಕೊಟ್ಟ ಮಾತು ಮುರಿದಂತೆ. ಹೇಳದಿದ್ದರೆ ಅವಳ ಎದುರು ಕೂತು ಪಾಠ ಮಾಡುವುದು ಹೇಗೆ?

ಮರುದಿನ ಪಟ್ಟಿಯಲ್ಲಿ ಇಲ್ಲದ ಮೂರು ಪದ ಬೋರ್ಡಿನ ಮೇಲೆ ಬರೆದ: ಶಲ್, ಶುಡ್, ಮೇ.

"ನಿಮ್ಮ ಗೇಟಲ್ಲಿ ಏನು ಬರೆದಿದೆ?"

"ಪಾಸ್ ತೋರಿಸತಕ್ಕದ್ದು," ಎಂದ ದೊಡ್ಡಪ್ಪ.

"ಆ ತಕ್ಕದ್ದು ಇದೆಯಲ್ಲ, ಅದು ಶಲ್. ತೋರಿಸಬಹುದು ಅಂತ ಬರೆದಿದ್ರೆ ಅದು ಮೇ."

"ಬಹುದು ಅಂತ ಬರೆದಿದ್ರೆ ಯಾವನು ತೋರಿಸ್ತಿದ್ದ."

"ಅದೇ. ಒಪ್ಪಂದದ ಕಾಗದ ಓದೋವಾಗ ದೊಡ್ಡ ದೊಡ್ಡ ಪದಗಳನ್ನ ಆಮೇಲೆ ನೋಡಿ. ಮೊದಲು ಈ ಚಿಕ್ಕವನ್ನ ಹುಡುಕಿ."

ಅವಳು ಬರೆದುಕೊಳ್ಳಲಿಲ್ಲ. ಅವನನ್ನೇ ನೋಡುತ್ತಿದ್ದಳು. "ಇವತ್ತು ಯಾಕೆ ಗ್ರಾಮರ್?" ಎಂದಳು.

"ಬೇಕಾಗುತ್ತೆ."

"ನಿಮ್ಮ ದನಿ ಯಾಕೋ ಸರಿ ಇಲ್ಲ."

"ಸೀಮೆಸುಣ್ಣದ ಧೂಳು," ಎಂದು ಅವನು ಬೋರ್ಡಿನ ಕಡೆ ತಿರುಗಿದ. ದುಭಾಷಿಯಾಗಿ ಬರುವ ವಿಷಯವನ್ನೂ ಆ ದಿನ ಹೇಳಲಾಗಲಿಲ್ಲ. ಒಂದು ಹೇಳಿದರೆ ಇನ್ನೊಂದೂ ಬಾಯಿಂದ ಜಾರುತ್ತದೆ ಎಂಬ ಹೆದರಿಕೆ. ಹಾಗೇ ದಿನಗಳು ಹೋದವು.

*

ಪ್ಲಾಂಟಿನ ಕ್ಯಾಂಟೀನಿನಲ್ಲಿ ಸಭೆ. ಅವಳು ಒಳಗೆ ಬಂದು ನೋಡಿದಾಗ ಅವನು ಎದುರಿನ ಮೇಜಿನಲ್ಲಿ, ಕಚೇರಿಯ ಮೇಡಂ ಪಕ್ಕದಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಕೂತಿದ್ದ.

ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ ತನ್ನ ಜಾಗಕ್ಕೆ ಹೋಗಿ ಕೂತಳು.

ಕರಡನ್ನು ಹಂಚಿದರು. ಅವಳು ಬೆರಳಿಟ್ಟು ಓದತೊಡಗಿದಳು. ಏಳನೇ ಪುಟದಲ್ಲಿ ಬೆರಳು ನಿಂತಿತು. ಹಿಂದಿನ ಸಾಲಿಗೆ ಹೋಯಿತು, ಮತ್ತೆ ಮುಂದಿನ ಸಾಲಿಗೆ ಬಂತು. ತಲೆಯೆತ್ತಿ ಅವನನ್ನು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

ಅವಳು ಎದ್ದು ನಿಂತು ಇಂಗ್ಲಿಷಿನಲ್ಲೇ ಕೇಳಿದಳು. ನಿಧಾನವಾಗಿ, ಒಂದೊಂದು ಪದವನ್ನೂ ಮೇಜಿನ ಮೇಲೆ ಇಟ್ಟಂತೆ. ಇಲ್ಲಿ ಶಲ್ ಇದೆ, ಅಲ್ಲಿ ಮೇ ಇದೆ, ಯಾಕೆ? ಅದೇ ಕಲ್ಲಿದ್ದಲು, ಅದೇ ಧೂಳು, ಅದೇ ಶ್ವಾಸಕೋಶ. ಪದ ಮಾತ್ರ ಯಾಕೆ ಬೇರೆ?

ಮೇಡಂ ಕನ್ನಡಕ ತೆಗೆದು ಪುಟ ನೋಡಿದರು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಮತ್ತೆ ಪುಟ ನೋಡಿದರು.

ಆಮೇಲೆ ಅವಳು ಕನ್ನಡಕ್ಕೆ ತಿರುಗಿದಳು. ತಂದೆಯ ಬಗ್ಗೆ, ಗುತ್ತಿಗೆಯವರ ಬಗ್ಗೆ, ಯಾವ ಘಟಕವನ್ನು ಮೊದಲು ನಿಲ್ಲಿಸಿದರೆ ಆಸ್ಪತ್ರೆಯ ಕರೆಂಟಿಗೆ ತೊಂದರೆಯಾಗುವುದಿಲ್ಲ ಎಂಬುದರ ಬಗ್ಗೆ ಮಾತಾಡಿದಳು. ಇಪ್ಪತ್ತು ನಿಮಿಷ. ಅವನು ಅದನ್ನು ಇಂಗ್ಲಿಷಿಗೆ ತಂದದ್ದು ಇಪ್ಪತ್ತಮೂರು ನಿಮಿಷ. ಅವಳು ತಡವರಿಸಿದಲ್ಲಿ ಅವನೂ ತಡವರಿಸಿದ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ.

ಸಂಜೆಯ ಹೊತ್ತಿಗೆ ಏಳನೇ ಪುಟ ಬದಲಾಯಿತು. ಎಲ್ಲ ಬೇಡಿಕೆಯೂ ಒಪ್ಪಿಗೆಯಾಗಲಿಲ್ಲ. ಮೊದಲ ಘಟಕ ನಿಲ್ಲುವ ದಿನ ಮುಂದಕ್ಕೆ ಹೋಗಲಿಲ್ಲ. ಆದರೆ ಗುತ್ತಿಗೆಯವರ ಸಾಲಿಗೂ 'ಶಲ್' ಬಂತು. ದೊಡ್ಡಪ್ಪ ಎದ್ದು ಹೋಗಿ ಆ ಸಾಲನ್ನು ಎರಡು ಸಲ ಮುಟ್ಟಿ ನೋಡಿದ.

ಅವಳು ಗೇಟಿನ ಹತ್ತಿರ ಅವನನ್ನು ನಿಲ್ಲಿಸಿದಳು.

"ಆ ಕಾಗದ ಮೊದಲೇ ನೋಡಿದ್ರಾ?"

"ನೋಡಿದ್ದೆ. ಹೇಳೋ ಹಾಗಿರಲಿಲ್ಲ."

"ಕಾಗದದ್ದು ಬಿಡಿ. ಆ ಕಡೆ ಕೂರ್ತೀನಿ ಅಂತಾನಾದ್ರೂ ಹೇಳಬಹುದಿತ್ತಲ್ಲ."

"ಹೇಳಬೇಕಿತ್ತು," ಎಂದ.

ಅವಳು ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದಳು. ದಿನವಿಡೀ ಬೇರೆಯವರ ಮಾತು ಆಡಿದವನಿಗೆ ತನ್ನದೊಂದೂ ಸಿಗಲಿಲ್ಲ. ಅವಳು ತಿರುಗಿ ಹೋದಳು.

*

ಮಾರನೆಯ ದಿನ ಅವನು ಸಂಸ್ಥೆಯ ಕಚೇರಿಗೆ ಹೋಗಿ ಮೇಡಂ ಮುಂದೆ ನಿಂತ. ಕರಡು ಓದಿದ ಮರುದಿನವೇ ಆ ಮೂರು ಪದ ಹೇಳಿಕೊಟ್ಟೆ ಎಂದ. ಪುಟದ ವಿಷಯ ಯಾರಿಗೂ ಹೇಳಿಲ್ಲ, ಆದರೆ ಪಾಠ ಮಾಡಿದ್ದು ಆ ಪುಟಕ್ಕಾಗಿಯೇ. ಹೇಳಿದ್ದಕ್ಕೆ ಧನ್ಯವಾದ, ಇನ್ನು ಮುಂದೆ ನಿಮ್ಮನ್ನು ಕರೆಯಲಾಗುವುದಿಲ್ಲ ಎಂದರು ಮೇಡಂ. ಅವನು ಗುರುತಿನ ಚೀಟಿ ಮೇಜಿನ ಮೇಲಿಟ್ಟು ಬಂದ.

ಮೂರು ವಾರ ಅವಳು ಕಾಣಲಿಲ್ಲ. ಮೂರನೇ ಬೆಂಚಿನಲ್ಲಿ ಈಗ ನರ್ಸಿಂಗ್ ಓದುವ ಹುಡುಗಿಯರು ಕೂರುತ್ತಿದ್ದರು. ಅವರು ಏನನ್ನೂ ಕೇಳದೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಪಾಠಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದವು. ಅದೇ ಅವನಿಗೆ ಸಹಿಸಲಾಗದ ವಿಷಯವಾಯಿತು.

ಒಂದು ಸಂಜೆ ಐದೂವರೆಗೆ ಕ್ಲಾಸು ಬಿಟ್ಟು ಬೆಂಚು ಜರುಗಿಸುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವಳು ಬಾಗಿಲಲ್ಲಿ ನಿಂತಿದ್ದಳು. ಮೆಟ್ಟಿಲು ಓಡಿ ಹತ್ತಿದವಳ ಹಾಗೆ ಉಸಿರು.

"ಹೊಸ ದುಭಾಷಿ ಬಂದಿದ್ದಾರೆ," ಎಂದಳು. "ಯಾಕೆ ಅಂತ ಮೇಡಂನ ಕೇಳಿದೆ. ಹೇಳಿದ್ರು. ನೀವಾಗೇ ಹೋಗಿ ಯಾಕೆ ಒಪ್ಪಿಕೊಂಡ್ರಿ? ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಿಮಗೆ ಗೊತ್ತಾಗಿತ್ತಲ್ಲ."

"ನಾನು ಯಾರಿಗೂ ಹೇಳ್ತಿರಲಿಲ್ಲ."

"ಅದಕ್ಕೇ. ನನ್ನ ಗುಟ್ಟನ್ನ ನಿಮ್ಮ ಮೇಲೆ ಹೊರಿಸೋಕೆ ಮನಸ್ಸಾಗಲಿಲ್ಲ."

ಅವಳು ಒಳಗೆ ಬಂದು ಮೊದಲ ಬೆಂಚಿನಲ್ಲಿ ಕೂತಳು. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ನೋಡುತ್ತಿದ್ದರು. ಅದು ಸುತ್ತಿ ಸುತ್ತಿ ನಿಂತಿತು.

"ಮುಂದಿನ ಸೋಮವಾರ ಹೋಗ್ತಿದ್ದೀನಿ," ಎಂದಳು. "ತರಬೇತಿಗೆ. ದೊಡ್ಡ ದೊಡ್ಡ ಬ್ಯಾಟರಿ ಇರೋ ಕಡೆ, ಬಿಸಿಲಿನ ಕರೆಂಟನ್ನ ಕೂಡಿಡ್ತಾರಲ್ಲ, ಅಲ್ಲಿನ ಲ್ಯಾಬು. ಎಂಟು ತಿಂಗಳು. ಅಪ್ಪನನ್ನ ಚಿಕ್ಕಮ್ಮ ನೋಡ್ಕೋತಾರೆ."

"ಒಳ್ಳೇದು," ಎಂದ. ಅದು ಸಾಲದು ಅನ್ನಿಸಿತು. ಮೇಜಿನ ಮೇಲಿದ್ದ ಡಸ್ಟರನ್ನು ಅತ್ತ ಸರಿಸಿದ, ಇತ್ತ ಸರಿಸಿದ. "ನನಗೆ ನಿಮ್ಮನ್ನ ಕಂಡ್ರೆ ಇಷ್ಟ," ಎಂದುಬಿಟ್ಟ.

ಅವಳು ಬೆಚ್ಚಲಿಲ್ಲ. ಕೈ ಕಟ್ಟಿಕೊಂಡು, ಕುತೂಹಲದಿಂದ ತಲೆ ಒಂದು ಕಡೆ ವಾಲಿಸಿದಳು.

"ಯಾವತ್ತಿಂದ?"

"ಪದ ಅಳಿಸಿ ಅಂದ್ರಲ್ಲ, ಅವತ್ತಿಂದ ಇರಬೇಕು. ಗೊತ್ತಾಗಿದ್ದು ಲ್ಯಾಬಲ್ಲಿ."

"ಹೇಗೆ ಗೊತ್ತಾಯ್ತು?"

"ಬಣ್ಣ ಹೋಗಿದ್ದು ಕಾಣಲಿಲ್ಲ ನನಗೆ."

"ಅದು ಗಮನ ಇಲ್ದಿರೋದು. ಇಷ್ಟ ಅಂತ ಹೇಗೆ ಹೇಳ್ತೀರ?"

"ಮೂರು ವಾರದಿಂದ ಯಾರೂ ಪ್ರಶ್ನೆ ಕೇಳಿಲ್ಲ. ಊಟ ಸೇರ್ತಾ ಇಲ್ಲ. ಅಕ್ಕ ದಿನಾ ಬೈತಾಳೆ."

ಅವಳು ಅದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. "ಸರಿ," ಎಂದಳು. "ಈಗ ನೀವು ಕೇಳಿ. ಆಗಿನಿಂದ ನಾನೊಬ್ಬಳೇ ಕೇಳ್ತಿದ್ದೀನಿ."

ಮನೆಯಲ್ಲಿ ಹಿರಿಯರಿದ್ದಾರೆ, ಊರು ಬಿಟ್ಟು ಹೋಗುತ್ತಿದ್ದಾಳೆ. ಏನು ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು ಎಂದೇ ತಿಳಿಯಲಿಲ್ಲ.

"ನಿಮ್ಮ ಅಪ್ಪನ ಹತ್ರ ಬಂದು ಮಾತಾಡಲಾ?" ಎಂದ ಕೊನೆಗೆ.

"ನಾನೇ ಮಾತಾಡಿದ್ದೀನಿ, ಇವತ್ತು ಮಧ್ಯಾಹ್ನ. ಹಾಸಿಗೆ ಪಕ್ಕ ಕೂತು ಮೊದಲಿಂದ ಕೊನೆವರೆಗೂ ಹೇಳಿದೆ. ಪಾಠ, ಸಭೆ, ಮೇಡಂ ಹೇಳಿದ್ದು, ನಂಗೆ ಏನನ್ಸುತ್ತೆ ಅನ್ನೋದು, ಎಲ್ಲ."

"ಏನಂದ್ರು?"

"ಕಣ್ಣು ಮುಚ್ಕೊಂಡು ಕೇಳ್ತಾ ಇದ್ರು. ನಿದ್ದೆ ಬಂತೇನೋ ಅಂದ್ಕೊಂಡೆ. ಆಮೇಲೆ, 'ಇದನ್ನ ಅವನಿಗೆ ಹೇಳಿದ್ಯಾ?' ಅಂದ್ರು. ಇಲ್ಲ ಅಪ್ಪ ಅಂದೆ." ಅವಳು ಕಟ್ಟಿಕೊಂಡಿದ್ದ ಕೈ ಬಿಡಿಸಿದಳು. "'ಮತ್ತೆ ನನ್ನ ಹತ್ರ ಏನು ಕೂತಿದ್ದೀಯ, ಎದ್ದು ಹೋಗು' ಅಂದ್ರು."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ನಡುವೆ ಇಬ್ಬರು ಕೂರುವಷ್ಟು ಜಾಗ ಇತ್ತು. ಸ್ವಲ್ಪ ಹೊತ್ತಿಗೆ ಅದು ಇರಲಿಲ್ಲ.